ಮತದಾನ ಮುಗಿದ ಮೇಲಿನ ಮೆರುಗು

'ಅಮೆರಿಕನ್ ಐಡಲ್' ಗಾಯನ ಸ್ಪರ್ಧೆಯ 2009ರ ಅಂತಿಮ ಸಂಚಿಕೆಯಲ್ಲಿ ಕಿಸ್ ಮತ್ತು ಕ್ವೀನ್ ರಾಕ್ ತಂಡಗಳೊಡನೆ ಹಾಡಿ ಮಿಂಚಿದ ಆ್ಯಡಮ್ ಲ್ಯಾಂಬರ್ಟ್ ಅವರಿಗೇ ಕಿರೀಟ ಸಲ್ಲಬೇಕಿತ್ತು, ಕ್ರಿಸ್ ಅಲೆನ್ ಅವರ ಗೆಲುವು ಪ್ರೇಕ್ಷಕರ ಅರಸಿಕತೆಗೆ ಸಾಕ್ಷಿ ಎಂಬ ಪ್ರಕಟಿತ ಅಭಿಪ್ರಾಯವು ಕಾಲಕ್ರಮವನ್ನೇ ತಲೆಕೆಳಗು ಮಾಡುತ್ತದೆ. ಮತದಾನ ನಡೆದದ್ದು ಮೇ 19ರ ಸ್ಪರ್ಧಾ ಪ್ರದರ್ಶನದ ಬೆನ್ನಿಗೆ. ಅತಿಥಿಗಳು ವೇದಿಕೆಯೇರಿದ್ದು ಮರುದಿನದ ಫಲಿತಾಂಶ ಸಂಚಿಕೆಯಲ್ಲಿ, ಅಂದರೆ ಮತಗಳೆಲ್ಲ ಬಿದ್ದ ಮೇಲೆ ವಿಜೇತರನ್ನು ಘೋಷಿಸಲು ಏರ್ಪಡಿಸಿದ ಉತ್ಸವದಲ್ಲಿ. ಅಲ್ಲದೆ, ಕ್ವೀನ್ ಜೊತೆಗೆ ಅಲೆನ್ ಕೂಡ ಹಾಡಿದ್ದರು. ಒಬ್ಬರೇ ಹಲವು ಬಾರಿ ಮತ ಹಾಕಬಹುದಾದ ಪದ್ಧತಿಯು ಕಂಠದ ಶಕ್ತಿಗಿಂತ ಅಭಿಮಾನದ ಹಟವನ್ನೇ ಅಳೆಯುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಅದು ನಿಯಮದ ದೋಷ, ಗೆದ್ದವರದ್ದಲ್ಲ. ಮುಂದೆ ಕ್ವೀನ್ ತಂಡದ ಗಾಯಕರಾಗಿ ಲ್ಯಾಂಬರ್ಟ್ ಗಳಿಸಿದ ಕೀರ್ತಿಯನ್ನು ಹಿಂದಿನ ತೀರ್ಪಿನ ವಿರುದ್ಧ ಸಾಕ್ಷಿಯಾಗಿ ನಿಲ್ಲಿಸುವುದೂ ಸಲ್ಲದು. ಮತದಾರರು ತೂಗಬಹುದಾಗಿದ್ದುದು ಅಲ್ಲಿಯವರೆಗೆ ಕೇಳಿದ ಹಾಡುಗಳನ್ನು ಮಾತ್ರ.