ಡ್ರ್ಯಾಗನ್ ಮೈಮೇಲೆ ಶೇಕಡಾ ಮೂವತ್ತು

ಒಂದು ಡ್ರ್ಯಾಗನ್ ಚಿತ್ರ ಇದೆ. ಅದರ ಮೈಮೇಲೆ ಯಾರೋ ಬಳ್ಳಿ, ಹೂವು ಬಿಡಿಸಿದ್ದಾರೆ. ಆ ಬಳ್ಳಿ ಡ್ರ್ಯಾಗನ್ ಮೈಯ ಶೇಕಡಾ ಎಷ್ಟು ಭಾಗವನ್ನ ಮುಚ್ಚಿದೆ? ಈ ಪ್ರಶ್ನೆ ಕೇಳಿದ ತಕ್ಷಣ ನಮ್ಮ ಕ್ಲಾಸಲ್ಲಿ ಬರೋ ಉತ್ತರ ಒಂದೇ: "ಇದೇನ್ ಮಹಾ? ಪಿಕ್ಸೆಲ್ ಎಣಿಸಿ ಭಾಗಿಸಿದ್ರೆ ಆಯ್ತಲ್ಲ." ನನ್ನ ತಕರಾರು ಇರೋದು ಆ "ಆಯ್ತಲ್ಲ" ಅನ್ನೋದರ ಮೇಲೆ.

ಮೊದಲು ಈ ಡ್ರ್ಯಾಗನ್ ಎಲ್ಲಿಂದ ಬಂತು ಅಂತ ಹೇಳಿಬಿಡ್ತೀನಿ. ಫ್ಲೈಟ್ ರೈಸಿಂಗ್ ಅಂತ ಅಮೆರಿಕದ ಒಂದು ಬ್ರೌಸರ್ ಆಟ, 2013ರಿಂದ ನಡೀತಾ ಇದೆ. ಆಡೋವರು ಡ್ರ್ಯಾಗನ್‌ಗಳನ್ನ ಸಾಕ್ತಾರೆ, ಮರಿ ಮಾಡಿಸ್ತಾರೆ, ತಮಗೆ ಬೇಕಾದ ಮೈಬಣ್ಣ, ರೆಕ್ಕೆಯ ಬಣ್ಣ ಬರೋ ತನಕ ತಲೆಮಾರಿನ ಮೇಲೆ ತಲೆಮಾರು ಕಾಯ್ತಾರೆ. ಇದರ ಜೊತೆಗೆ ಇನ್ನೊಂದು ಸೌಲಭ್ಯ ಇದೆ. ಚಿತ್ರ ಬಿಡಿಸಲು ಬರೋ ಆಟಗಾರರು ಆಟದವರೇ ಕೊಡೋ ಟೆಂಪ್ಲೇಟ್ ಮೇಲೆ ತಮ್ಮದೇ ಅಲಂಕಾರ ಬಿಡಿಸಬಹುದು, ಅದನ್ನ ಬೇರೆಯವರು ತಮ್ಮ ಡ್ರ್ಯಾಗನ್‌ಗೆ ತೊಡಿಸಬಹುದು. ಅಲಂಕಾರ ಡ್ರ್ಯಾಗನ್‌ನ ಶೇ. 30ರವರೆಗೆ ಮುಚ್ಚಿದರೆ ಅದಕ್ಕೆ ಆಕ್ಸೆಂಟ್ ಅಂತ ಹೆಸರು. ಅದಕ್ಕಿಂತ ಜಾಸ್ತಿ ಆದರೆ ಸ್ಕಿನ್.

ನನಗೆ ಈ ವಿಂಗಡಣೆ ಇಷ್ಟ. ತಿಂಗಳುಗಟ್ಟಲೆ ಕಾದು ಪಡೆದ ನೀಲಿ ಮೈಯನ್ನ ಯಾರದೋ ಚಿತ್ರ ಪೂರ್ತಿ ನುಂಗಿಬಿಟ್ಟರೆ ಸಾಕಿದವರಿಗೆ ಏನುಳೀತು? ಆಕ್ಸೆಂಟ್ ಅಂದರೆ ನಿಮ್ಮ ಡ್ರ್ಯಾಗನ್ ನಿಮ್ಮದಾಗೇ ಕಾಣುತ್ತೆ ಅನ್ನೋ ಒಂದು ಮಾತು. ಆದರೆ ಚಿತ್ರಕಾರರ ಕಡೆಯಿಂದಲೂ ನೋಡಿ. ರಾತ್ರಿಗಳನ್ನ ಕಳೆದು ಬಿಡಿಸಿದ ಕೆಲಸ ಯಾವ ಪೆಟ್ಟಿಗೆಗೆ ಬೀಳುತ್ತೆ, ಯಾರು ಕೊಳ್ತಾರೆ ಅನ್ನೋದು ಒಂದೇ ಒಂದು ಸಂಖ್ಯೆ ಮೇಲೆ ನಿಂತಿದೆ. ಹಾಗಿದ್ದ ಮೇಲೆ ಆ ಸಂಖ್ಯೆ ಹೇಗೆ ಬಂತು ಅಂತ ಕೇಳೋದು ಹಠಮಾರಿತನ ಅಲ್ಲ.

ಅಳೆಯೋ ಕ್ರಮ ಸುಲಭ. ಫೋಟೋಶಾಪ್‌ನಲ್ಲಿ ಕಂಟ್ರೋಲ್ ಒತ್ತಿಕೊಂಡು ಲೇಯರ್‌ನ ಪುಟ್ಟ ಚಿತ್ರದ ಮೇಲೆ ಕ್ಲಿಕ್ ಮಾಡಿದರೆ ಆ ಲೇಯರ್‌ನಲ್ಲಿ ಏನಿದೆಯೋ ಅಷ್ಟು ಸೆಲೆಕ್ಟ್ ಆಗುತ್ತೆ. ಹಿಸ್ಟೋಗ್ರಾಂ ಪ್ಯಾನೆಲ್ ದೊಡ್ಡದು ಮಾಡಿ ನೋಡಿದರೆ ಪಿಕ್ಸೆಲ್ ಸಂಖ್ಯೆ ಅಲ್ಲೇ ಇರುತ್ತೆ. ಒಮ್ಮೆ ಡ್ರ್ಯಾಗನ್ ಮೈಗೆ, ಒಮ್ಮೆ ಅಲಂಕಾರಕ್ಕೆ ಹೀಗೆ ಮಾಡಿ ಭಾಗಿಸೋದು. ಗಿಂಪ್‌ನಲ್ಲಿ 'ಆಲ್ಫಾ ಟು ಸೆಲೆಕ್ಷನ್' ಅಂತ ಇದೆ, ಹಿಸ್ಟೋಗ್ರಾಂ ಅಲ್ಲೂ ಇದೆ, ದುಡ್ಡೂ ಬೇಡ. ಒಂದು ಎಚ್ಚರಿಕೆ: ಫೋಟೋಶಾಪ್ ಪ್ಯಾನೆಲ್‌ನಲ್ಲಿ ಕ್ಯಾಶ್ ಲೆವೆಲ್ ಅಂತ ಒಂದು ಸಾಲು ಇರುತ್ತೆ. ಅದು 1ಕ್ಕಿಂತ ಹೆಚ್ಚಿದ್ದರೆ ನೀವು ನೋಡ್ತಿರೋದು ಪೂರ್ತಿ ಚಿತ್ರದ ಲೆಕ್ಕ ಅಲ್ಲ, ವೇಗಕ್ಕಾಗಿ ಮಾಡಿಟ್ಟ ಚಿಕ್ಕ ಪ್ರತಿಯದ್ದು. ಅಲ್ಲಿರೋ ತ್ರಿಕೋನದ ಗುರುತು ಒತ್ತಿ ಸರಿಮಾಡಿಕೊಳ್ಳದೇ ಭಾಗಿಸಿದರೆ ಅಂಶ ಒಂದು ಅಳತೆಯದು, ಛೇದ ಇನ್ನೊಂದು ಅಳತೆಯದು ಆಗಬಹುದು.

ಛೇದದ ವಿಷಯ ಇಲ್ಲೇ ಮುಗಿಸಿಬಿಡೋಣ. 350×350 ಕ್ಯಾನ್ವಾಸ್ ಅಂದರೆ 1,22,500 ಪಿಕ್ಸೆಲ್. ಅದರೊಳಗೆ ಡ್ರ್ಯಾಗನ್ ಮೈ 42,000 ಪಿಕ್ಸೆಲ್ ಇದೆ ಅಂದುಕೊಳ್ಳಿ. ಕ್ಯಾನ್ವಾಸಿನಿಂದ ಭಾಗಿಸಿದರೆ ಎಂಥಾ ದಟ್ಟ ಚಿತ್ರವೂ ಆಕ್ಸೆಂಟ್ ಆಗೋ ಸಾಧ್ಯತೆ ಇದೆ, ಯಾಕಂದ್ರೆ ಖಾಲಿ ಜಾಗವೂ ಲೆಕ್ಕಕ್ಕೆ ಬಂತು. ಮೈಯಿಂದಲೇ ಭಾಗಿಸಬೇಕು. ಇದರಲ್ಲಿ ವಾದ ಇಲ್ಲ.

ವಾದ ಇರೋದು ಅಂಶದಲ್ಲಿ. 1996ರ ತಮಾಗೊಚಿ ನೆನಪಿಸಿಕೊಳ್ಳಿ, ಈ ಎಲ್ಲ ಸಾಕುಪ್ರಾಣಿ ಆಟಗಳ ಅಜ್ಜ. ಅದರ ಪರದೆ 32×16, ಒಟ್ಟು 512 ಚುಕ್ಕಿ. ಒಂದು ಚುಕ್ಕಿ ಒಂದೋ ಕಪ್ಪು, ಇಲ್ಲಾ ಖಾಲಿ. ಅಲ್ಲಿ "ಎಷ್ಟು ಮುಚ್ಚಿದೆ" ಅಂದರೆ ಚಿಕ್ಕ ಮಗುವೂ ಎಣಿಸಿ ಹೇಳುತ್ತೆ. ಈಗಿನ ಚಿತ್ರದಲ್ಲಿ ಪ್ರತಿ ಪಿಕ್ಸೆಲ್‌ಗೂ ಆಲ್ಫಾ ಅಂತ ಒಂದು ಬೆಲೆ ಇರುತ್ತೆ, ಸಾಮಾನ್ಯವಾಗಿ 0ಯಿಂದ 255. 0 ಅಂದರೆ ಪೂರ್ತಿ ಪಾರದರ್ಶಕ, 255 ಅಂದರೆ ಪೂರ್ತಿ ಮುಚ್ಚಿದೆ. 128 ಇದ್ದರೆ?

ಇಲ್ಲಿ ಒಂದು ಹಳೇ ಪೇಪರ್ ನೆನಪಾಗುತ್ತೆ. 1984ರಲ್ಲಿ ಲ್ಯೂಕಾಸ್‌ಫಿಲ್ಮ್‌ನ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ಚಿತ್ರಗಳನ್ನ ಒಂದರ ಮೇಲೊಂದು ಕೂರಿಸೋ ಗಣಿತ ಬರೆದರು. ಕಂಪ್ಯೂಟರ್ ಗ್ರಾಫಿಕ್ಸ್ ಓದಿದವರಿಗೆ 'ಓವರ್' ಆಪರೇಟರ್ ಗೊತ್ತಿರುತ್ತೆ, ಅದು ಇವರದೇ. ಅವರ ಪ್ರಕಾರ ಆಲ್ಫಾ ಅಂದರೆ ಆ ಪಿಕ್ಸೆಲ್‌ನ ಎಷ್ಟು ಭಾಗವನ್ನ ವಸ್ತು ಮುಚ್ಚಿದೆ ಅನ್ನೋ ಲೆಕ್ಕ. ಬಳ್ಳಿಯ ಅಂಚು ಒಂದು ಪಿಕ್ಸೆಲ್‌ನ ಮಧ್ಯದಲ್ಲಿ ಹಾದುಹೋದರೆ ಅರ್ಧ ಮುಚ್ಚಿದೆ, ಹಾಗಾಗಿ 128ರ ಹತ್ತಿರ. ಸರಿಯಾಗೇ ಇದೆ. ಆದರೆ ಚಿತ್ರಕಾರರು ಡ್ರ್ಯಾಗನ್ ಹೊಟ್ಟೆ ಮೇಲೆ ತೆಳುವಾದ ನೆರಳು ಎಳೆದಾಗಲೂ ಅಲ್ಲಿ 128 ಬರಬಹುದು. ಅಲ್ಲಿ ಅರ್ಧ ಪಿಕ್ಸೆಲ್ ಮುಚ್ಚಿಲ್ಲ, ಪೂರ್ತಿ ಪಿಕ್ಸೆಲ್ ಮೇಲೆ ಸೋಸಿದ ಬಣ್ಣ ಬಿದ್ದಿದೆ. ಎರಡೂ ಬೇರೆ ಬೇರೆ ವಿಷಯ, ಫೈಲ್‌ನಲ್ಲಿ ಮಾತ್ರ ಒಂದೇ ಅಂಕಿ. ಯಾವುದು ಅಂಚು, ಯಾವುದು ನೆರಳು ಅಂತ ಫೈಲ್ ಬರೆದಿಟ್ಟುಕೊಂಡಿರಲ್ಲ. ನನಗೆ ಈ ವಿಷಯದಲ್ಲಿ ಅತಿ ಮಜಾ ಅನ್ನಿಸಿದ್ದು ಇದೇ.

ಈಗ ಲೆಕ್ಕ ಹಾಕಿ. ಮೈ 42,000. ಅಲಂಕಾರದಲ್ಲಿ ಪೂರ್ತಿ ಮುಚ್ಚಿದ ಪಿಕ್ಸೆಲ್ 11,400. ಅರೆಬರೆ ಆಲ್ಫಾ ಇರೋವು 2,400, ಅವುಗಳ ಸರಾಸರಿ 0.4. ಏನಾದರೂ ಬಣ್ಣ ಇರೋ ಎಲ್ಲವನ್ನೂ ಎಣಿಸಿದರೆ 13,800, ಅಂದರೆ ಶೇ. 32.9. ಆಲ್ಫಾ ತೂಕ ಹಾಕಿ ಕೂಡಿಸಿದರೆ 12,360, ಅಂದರೆ ಶೇ. 29.4. ಒಂದೇ ಚಿತ್ರ, ಒಂದೇ ಮೈ. ಒಂದು ಲೆಕ್ಕದಲ್ಲಿ ಸ್ಕಿನ್, ಇನ್ನೊಂದರಲ್ಲಿ ಆಕ್ಸೆಂಟ್. ಭಾಗಾಕಾರ ಎರಡರಲ್ಲೂ ಸರಿ.

ಇದರಲ್ಲಿ ಪೆಟ್ಟು ತಿನ್ನೋದು ಯಾರು ಅಂತ ಯೋಚನೆ ಮಾಡಿ. ಅಗಲವಾದ ಪಟ್ಟೆ ಬಿಡಿಸಿದವರಿಗೆ ಅಂಚು ಕಡಿಮೆ, ಒಳಭಾಗ ಜಾಸ್ತಿ. ಮೆಹಂದಿ ಥರ, ಎಳೆ ರಂಗೋಲಿ ಥರ ಸಣ್ಣ ಗೆರೆ ಎಳೆದವರಿಗೆ ಹೆಚ್ಚುಕಮ್ಮಿ ಎಲ್ಲಾ ಪಿಕ್ಸೆಲ್ ಅಂಚೇ. "ಏನಿದ್ದರೂ ಎಣಿಸು" ಅನ್ನೋ ನಿಯಮ ನಾಜೂಕು ಕೆಲಸಕ್ಕೆ ದಂಡ ಹಾಕುತ್ತೆ. ಹಾಗಂತ ತೂಕದ ಲೆಕ್ಕ ನ್ಯಾಯವೇ ಅಂದರೆ, ಅದರಲ್ಲಿ ದೊಡ್ಡ ಕಿಂಡಿ ಇದೆ: ಇಡೀ ಡ್ರ್ಯಾಗನ್ ಮೇಲೆ ಶೇ. 25ರ ಅಪಾರದರ್ಶಕತೆಯಲ್ಲಿ ಕೆಂಪು ಬಳಿದುಬಿಡಿ. ಲೆಕ್ಕ 25 ಬರುತ್ತೆ, ಆಕ್ಸೆಂಟ್ ಅಂತ ಪಾಸ್! ನೀಲಿ ಡ್ರ್ಯಾಗನ್‌ನ ಒಂದೇ ಒಂದು ಪಿಕ್ಸೆಲ್ ಕೂಡ ಮೊದಲಿನ ನೀಲಿಯಾಗಿ ಉಳಿದಿರಲ್ಲ.

ಹಾಗಾಗಿ ನಾನು ಕಠಿಣ ಲೆಕ್ಕದ ಪರ. ಮೈಯ ಬಣ್ಣ ಉಳಿಸೋದು ನಿಯಮದ ಉದ್ದೇಶ ಆದರೆ, ಬಣ್ಣ ಬದಲಾದ ಪ್ರತಿ ಪಿಕ್ಸೆಲ್ ಎಣಿಕೆಗೆ ಬರಬೇಕು. ಅದನ್ನ ಯಾರು ಯಾವ ಸಾಫ್ಟ್‌ವೇರ್‌ನಲ್ಲಿ ಎಣಿಸಿದರೂ ಒಂದೇ ಉತ್ತರ ಬರೋ ಹಾಗೆ ಬರೆಯಬಹುದು ಕೂಡ. ಸಣ್ಣ ಗೆರೆಯವರಿಗೆ ಆಗೋ ನಷ್ಟ ನಿಜ, ಅದಕ್ಕೆ ಒಂದು ಮಿತಿ ಇಡಿ: ಆಲ್ಫಾ 13ಕ್ಕಿಂತ ಕಡಿಮೆ, ಅಂದರೆ ಸುಮಾರು ಶೇ. 5, ಇದ್ದದ್ದನ್ನ ಬಿಟ್ಟುಬಿಡೋಣ. 13 ಯಾಕೆ, 20 ಯಾಕಲ್ಲ ಅಂತ ಕೇಳಿದರೆ ನನ್ನ ಹತ್ತಿರ ಪ್ರೂಫ್ ಇಲ್ಲ. ಅದು ಕೂತು ಮಾತಾಡಿ ತೀರ್ಮಾನಿಸೋ ಸಂಖ್ಯೆ, ಮಾತಾಡಿದ ಮೇಲೆ ಎಲ್ಲರಿಗೂ ಕಾಣೋ ಕಡೆ ಬರೆದಿಡಬೇಕಾದ ಸಂಖ್ಯೆ. ಈ ಮಿತಿಯಿಂದ ಇನ್ನೊಂದು ಲಾಭ: ಮೃದು ಇರೇಸರ್‌ನಲ್ಲಿ ಅಳಿಸಿದ ಮೇಲೆ ಆಲ್ಫಾ 1, 2 ಇರೋ ಧೂಳು ಉಳಿದಿರುತ್ತೆ, ಕಣ್ಣಿಗೆ ಕಾಣಲ್ಲ, ಎಣಿಕೆಗೆ ಕಾಣುತ್ತೆ. ನೋಡಬೇಕು ಅಂದರೆ ಆ ಲೇಯರ್‌ನ ಹತ್ತು ಹದಿನೈದು ಸಲ ಡೂಪ್ಲಿಕೇಟ್ ಮಾಡಿ, ಧೂಳು ತಾನಾಗೇ ಮೈದುಂಬಿಕೊಂಡು ಮೇಲೆ ಬರುತ್ತೆ.

"ಡ್ರ್ಯಾಗನ್ ಆಟಕ್ಕೆ ಇಷ್ಟೆಲ್ಲಾ ಬೇಕಾ ಗುರೂ?" ಅನ್ನೋರಿಗೆ: ಅಡಿಕೆ ಎಲೆಚುಕ್ಕಿ ರೋಗದ ಮೇಲೆ ಪ್ರಾಜೆಕ್ಟ್ ಮಾಡೋ ಟೀಂ ನಿಮ್ಮ ಸುತ್ತಮುತ್ತ ಒಂದಾದರೂ ಇದ್ದೇ ಇರುತ್ತೆ. ಎಲೆಯ ಶೇಕಡಾ ಎಷ್ಟು ಭಾಗಕ್ಕೆ ರೋಗ ಅಂತ ಅವರ ಸ್ಲೈಡ್‌ನಲ್ಲಿ ದಶಮಾಂಶದ ಎರಡು ಸ್ಥಾನದವರೆಗೆ ಇರುತ್ತೆ. ಚುಕ್ಕಿಯ ಸುತ್ತ ಹಳದಿ ಬಳೆ ಇರುತ್ತಲ್ಲ, ಅದು ರೋಗದ ಕಡೆಗೋ, ಆರೋಗ್ಯದ ಕಡೆಗೋ? ವೈವಾದಲ್ಲಿ ಇದನ್ನ ಕೇಳಿ ನೋಡಿ. ಥ್ರೆಶೋಲ್ಡ್ ಯಾರು ಆರಿಸಿದ್ದು ಅಂದರೆ "ಓಪನ್‌ಸಿವಿ ಆರಿಸಿತು ಸಾರ್" ಅಂತ ಉತ್ತರ ಬಂದರೆ ನನಗೆ ಆಶ್ಚರ್ಯ ಆಗಲ್ಲ. ಓಟ್ಸು ವಿಧಾನವೇ ಬಳಸಿರಲಿ, ಅದು 1979ರಲ್ಲಿ ಬಂದದ್ದು, ಹಿಸ್ಟೋಗ್ರಾಂ ಎಲ್ಲಿ ಚೆನ್ನಾಗಿ ಎರಡಾಗುತ್ತೆ ಅಂತಷ್ಟೇ ಹೇಳುತ್ತೆ. ಹಳದಿಯನ್ನ ಏನು ಅಂತ ಕರೀಬೇಕು ಅನ್ನೋದು ಅದಕ್ಕೆ ಗೊತ್ತಿಲ್ಲ. ತೋಟದವರ ಔಷಧಿ ಖರ್ಚು ಆ ಹಳದಿ ಬಳೆ ಮೇಲೆ ನಿಂತಿರಬಹುದು.

ಈ ಸೆಮಿಸ್ಟರ್‌ಗೆ ಮಿನಿ ಪ್ರಾಜೆಕ್ಟ್ ಇನ್ನೂ ಸಿಕ್ಕಿಲ್ಲ ಅನ್ನೋರು ಇದನ್ನೇ ಎತ್ತಿಕೊಳ್ಳಿ. ಪೈಥಾನ್, ಪಿಲ್ಲೋ, ನಂಪೈ ಸಾಕು. ಮೈಯ ಮಾಸ್ಕ್ ಒಂದು ಫೈಲ್, ಅಲಂಕಾರ ಇನ್ನೊಂದು ಫೈಲ್. ಎಣಿಕೆ, ಮಿತಿ ಹಾಕಿದ ಎಣಿಕೆ, ತೂಕ, ಈ ಮೂರೂ ಸಂಖ್ಯೆ ಪಕ್ಕಪಕ್ಕ ತೋರಿಸಲಿ. ಅರೆಬರೆ ಪಿಕ್ಸೆಲ್‌ಗಳನ್ನ ಕೆಂಪಲ್ಲಿ ಗುರುತು ಮಾಡಿದ ಒಂದು ಚಿತ್ರವೂ ಹೊರಗೆ ಬರಲಿ, ಜಗಳ ಎಲ್ಲಿದೆ ಅಂತ ಚಿತ್ರಕಾರರಿಗೂ ನಿಯಮ ಬರೆದವರಿಗೂ ಒಟ್ಟಿಗೇ ಕಾಣ್ತದೆ.