ಹಣ್ಣು ಹಂಚಿದ್ದು ಸಾಕು, ಆರೈಕೆ ಕಲಿಸೋಣ



ಡಿಸೆಂಬರ್ ಬಂತೆಂದರೆ ಯುವಕರ ಗುಂಪುಗಳಿಗೆ ವೃದ್ಧಾಶ್ರಮ ನೆನಪಾಗುತ್ತದೆ. ಒಂದು ಬುಟ್ಟಿ ಬಾಳೆಹಣ್ಣು, ಬಿಸ್ಕಿಟ್ ಪುಡಿಕೆ, ಎರಡು ಕ್ಯಾರೊಲ್, ಒಂದು ಗ್ರೂಪ್ ಫೋಟೋ. ಸಂಜೆಯೊಳಗೆ ಫೋಟೋ ವಾಟ್ಸಾಪ್ ಸ್ಟೇಟಸ್ ಆಗಿರುತ್ತದೆ. ಇದು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಆದರೆ ನಾವು ಮನೆಗೆ ಬಂದು ಮಲಗಿದ ಮೇಲೆ, ರಾತ್ರಿ ಎರಡಕ್ಕೆ ಅಲ್ಲಿನ ಒಬ್ಬ ಅಜ್ಜಿ ಎದ್ದು, "ಎಮ್ಮಿ ಹಿಂಡೂ ಹೊತ್ತಾತು, ನಾ ಮನಿಗಿ ಹೋಗಬೇಕು" ಅಂತ ಬಾಗಿಲು ಬಡಿದರೆ, ಡ್ಯೂಟಿಯಲ್ಲಿರುವ ಹುಡುಗಿ ಏನು ಮಾಡಬೇಕು? ಅದನ್ನು ಅವಳಿಗೆ ಯಾರಾದರೂ ಹೇಳಿಕೊಟ್ಟಿದ್ದಾರೆಯೇ? ನಾವು ಕೇಳಬೇಕಾದ ಪ್ರಶ್ನೆ ಇದು.

"ಅರವತ್ತಕ್ಕೆ ಅರಳುಮರಳು" ಎಂಬ ಮಾತು ನಮ್ಮಲ್ಲಿ ಎಲ್ಲರ ಬಾಯಲ್ಲಿದೆ. ಈ ಒಂದು ಗಾದೆಯೇ ಬಹಳ ಅನ್ಯಾಯ ಮಾಡಿದೆ. ಡಿಮೆನ್ಶಿಯಾ ಎಂದರೆ ವಯಸ್ಸಾದ ಎಲ್ಲರಿಗೂ ಬರುವ ಮರೆವಲ್ಲ. ಮಿದುಳಿನ ಕಾಯಿಲೆಗಳಿಂದ ಬರುವ ಸ್ಥಿತಿ. ಅವುಗಳಲ್ಲಿ ಹೆಚ್ಚು ಕಾಣುವುದು ಆಲ್ಝೈಮರ್. ನಮ್ಮ ದೇಶದ ಹಿರಿಯರನ್ನು ಪರೀಕ್ಷಿಸಿ ಮಾಡಿದ ಒಂದು ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ 60 ದಾಟಿದವರಲ್ಲಿ ಶೇ. 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಭಾರತೀಯರಿಗೆ ಡಿಮೆನ್ಶಿಯಾ ಇದೆ. ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಹಾಗಾದರೆ ಇದು ದೊಡ್ಡ ನಗರದ ಶ್ರೀಮಂತರ ಕಾಯಿಲೆಯಲ್ಲ. ನಮ್ಮ ಬುಧಗಾಂವದ ಓಣಿಯ ಅಜ್ಜಿಯ ಕಾಯಿಲೆ.

"ಇದಕ್ಕೆ ತರಬೇತಿ ಯಾಕೆ? ಪ್ರೀತಿ ಇದ್ದರೆ ಸಾಕು" ಎಂದು ಹೇಳುವವರು ನಮ್ಮಲ್ಲಿ ಬಹಳ. ನಾನು ಒಪ್ಪುವುದಿಲ್ಲ. ಸಮಾರಿಯದವನ ಸಾಮತಿಯನ್ನೇ ನೋಡಿ. ಅವನು ಅಯ್ಯೋ ಪಾಪ ಅಂದು ಹೋಗಲಿಲ್ಲ. ಗಾಯಕ್ಕೆ ಏನು ಹಾಕಬೇಕೆಂದು ಅವನಿಗೆ ಗೊತ್ತಿತ್ತು, ಹಾಕಿ ಕಟ್ಟಿದ. ಆಮೇಲೆ ಛತ್ರದವನ ಕೈಗೆ ಹಣ ಕೊಟ್ಟು, ನೋಡಿಕೊಳ್ಳಲು ಹೇಳಿ, ಮತ್ತೆ ಬರುತ್ತೇನೆ ಅಂದ. ಕರುಣೆ, ಕೆಲಸದ ತಿಳಿವಳಿಕೆ, ಖರ್ಚು, ಮತ್ತೆ ಬಂದು ವಿಚಾರಿಸುವುದು: ನಾಲ್ಕೂ ಅಲ್ಲಿವೆ. ನಾವು ಮೊದಲನೆಯದನ್ನು ಮಾತ್ರ ಹಿಡಿದುಕೊಂಡಿದ್ದೇವೆ.

ಪ್ರೀತಿಯಿಂದಲೇ ಆಗುವ ತಪ್ಪುಗಳನ್ನು ನೋಡಿ. ಅಜ್ಜಿ ತೀರಿಹೋದ ಗಂಡನನ್ನು ಕೇಳುತ್ತಾಳೆ. ಸತ್ಯ ಹೇಳಬೇಕೆಂದು ನಾವು "ಅವರು ತೀರಿಕೊಂಡು ಹತ್ತು ವರ್ಷ ಆಯ್ತಲ್ಲ ಆಯಿ" ಎನ್ನುತ್ತೇವೆ. ಅವಳಿಗೆ ಅದು ಇವತ್ತಿನ ಸುದ್ದಿ. ಇವತ್ತೇ ಗಂಡ ಸತ್ತಂತೆ ಅಳುತ್ತಾಳೆ. ನಾಳೆ ಮತ್ತೆ ಕೇಳುತ್ತಾಳೆ, ನಾವು ಮತ್ತೆ ಹೇಳುತ್ತೇವೆ. ಕಲಿತವರು ಹೀಗೆ ಮಾಡುವುದಿಲ್ಲ. "ಮುತ್ಯಾನ ನೆನಪು ಬಂತೇನ್ರಿ? ಅವರು ಹೆಂಗಿದ್ರು, ಹೇಳ್ರಿ" ಎಂದು ಪಕ್ಕದಲ್ಲಿ ಕುಳಿತುಕೊಳ್ಳುತ್ತಾರೆ.

ನಾನು ಬಿ.ಎಸ್ಸಿ. ಓದಿದವನು, ಆದ್ದರಿಂದ ಸ್ವಲ್ಪ ವಿಜ್ಞಾನ ಹೇಳುತ್ತೇನೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಆಲ್ಝೈಮರ್ ಇದ್ದವರಿಗೆ ದುಃಖದ ಮತ್ತು ಸಂತೋಷದ ಸಿನಿಮಾ ತುಣುಕುಗಳನ್ನು ತೋರಿಸಿದರು. ಸ್ವಲ್ಪ ಹೊತ್ತಿನಲ್ಲೇ ನೋಡಿದ್ದು ಅವರಿಗೆ ಹೆಚ್ಚುಕಡಿಮೆ ಮರೆತುಹೋಗಿತ್ತು. ಆದರೆ ಆ ದುಃಖ, ಆ ಸಂತೋಷ ಮನಸ್ಸಿನಲ್ಲಿ ಉಳಿದಿತ್ತು. "ಬೈದರೇನು, ಅವರಿಗೆ ನೆನಪಿರುತ್ತದೆಯೇ?" ಎನ್ನುವವರಿಗೆ ಇದೇ ಉತ್ತರ. ಬೈಗಳು ಮರೆಯುತ್ತದೆ, ಅದರ ಹೆದರಿಕೆ ಮರೆಯುವುದಿಲ್ಲ. ನಾವು ಕೈ ಹಿಡಿದು ಮಾತಾಡಿದ್ದು ಮರೆಯುತ್ತದೆ, ಅದರ ಸಮಾಧಾನ ಉಳಿಯುತ್ತದೆ.

ತರಬೇತಿಯಲ್ಲಿ ಕಲಿಯುವುದು ರಾಕೆಟ್ ವಿಜ್ಞಾನವಲ್ಲ. ಹಿಂದಿನಿಂದ ಬಂದು ಮುಟ್ಟಬಾರದು. ಎದುರಿಗೆ ಬಂದು, ಹೆಸರು ಹಿಡಿದು, ಒಂದು ಸಲಕ್ಕೆ ಒಂದೇ ಮಾತು ಹೇಳಬೇಕು. ಸ್ನಾನಕ್ಕೆ ಕೂಡಿಸಿ ಒಮ್ಮೆಲೇ ತಲೆ ಮೇಲೆ ನೀರು ಸುರಿಯಬಾರದು. ನೀರು ಹಾಕುತ್ತೇನೆ ಎಂದು ಹೇಳಿ ಪಾದದಿಂದ ಶುರು ಮಾಡಬೇಕು. ಮಲಗಿದವರ ಬಾಯಿಗೆ ಗಂಜಿ ಹಾಕಬಾರದು. ನೆಟ್ಟಗೆ ಕೂಡಿಸಿ, ನುಂಗಿದ್ದಾರೆಯೇ ನೋಡಿ ಮುಂದಿನ ತುತ್ತು ಕೊಡಬೇಕು, ಇಲ್ಲದಿದ್ದರೆ ಅನ್ನ ಶ್ವಾಸನಾಳಕ್ಕೆ ಹೋಗಿ ನ್ಯುಮೋನಿಯಾ ಆಗಬಹುದು. ನಿನ್ನೆವರೆಗೆ ಸರಿಯಿದ್ದವರು ಇವತ್ತು ಏಕಾಏಕಿ ಗೊಂದಲಕ್ಕೆ ಬಿದ್ದರೆ "ಕಾಯಿಲೆ ಜಾಸ್ತಿ ಆಯ್ತು" ಅಂತ ಸುಮ್ಮನಿರಬಾರದು. ಮೂತ್ರದ ಸೋಂಕು, ಮಲಬದ್ಧತೆ, ನೋವು ಇರಬಹುದು, ಡಾಕ್ಟರಿಗೆ ತೋರಿಸಬೇಕು. ಬಾಗಿಲು ಬಡಿಯುವ ಅಜ್ಜಿ ಹುಡುಕುತ್ತಿರುವುದು ಬರೀ ಶೌಚಾಲಯವೇ ಆಗಿರಬಹುದು.

ಇದು ಗೊತ್ತಿಲ್ಲದವರ ಕೈಯಲ್ಲಿ ಉಳಿಯುವುದು ಎರಡೇ ಉಪಾಯ: ಮಂಚಕ್ಕೆ ಕಟ್ಟುವುದು, ಇಲ್ಲವೇ ಗುಳಿಗೆ ಕೊಟ್ಟು ಮಲಗಿಸುವುದು. ಕಟ್ಟಿದರೆ ಬೆನ್ನಿಗೆ ಹುಣ್ಣಾಗುತ್ತದೆ, ಕಾಲಿನ ಶಕ್ತಿ ಹೋಗುತ್ತದೆ. ಗುಳಿಗೆಯ ಕಥೆ ಇನ್ನೂ ಗಂಭೀರ. ಪ್ರೊ. ಸುಬೆ ಬ್ಯಾನರ್ಜಿ 2009ರಲ್ಲಿ ಬ್ರಿಟನ್ ಸರ್ಕಾರಕ್ಕೆ ಒಂದು ವರದಿ ಕೊಟ್ಟರು. ಅಲ್ಲಿ ವರ್ಷಕ್ಕೆ ಸುಮಾರು 1,80,000 ಡಿಮೆನ್ಶಿಯಾ ರೋಗಿಗಳಿಗೆ ಮನೋರೋಗದ ಪ್ರಬಲ ಔಷಧಿಗಳನ್ನು ಕೊಡಲಾಗುತ್ತಿತ್ತು. ಪ್ರಯೋಜನ ಆಗಬಹುದಾದವರು ಹೆಚ್ಚೆಂದರೆ 36,000. ಹೆಚ್ಚುವರಿ ಸಾವುಗಳು ವರ್ಷಕ್ಕೆ ಸುಮಾರು 1,800. ಅಷ್ಟು ಡಾಕ್ಟರುಗಳಿರುವ ದೇಶದಲ್ಲೇ ಹೀಗಾದರೆ, ಲೆಕ್ಕ ಇಡುವವರೇ ಇಲ್ಲದ ಕಡೆ ಏನಾಗುತ್ತಿರಬಹುದು, ಯೋಚಿಸಿ.

ನಮ್ಮ ಗಡಿಭಾಗಕ್ಕೆ ಇನ್ನೊಂದು ಕಷ್ಟವಿದೆ. ಜತ್ತ ಕಡೆಯಿಂದ ಬಂದು ಸಾಂಗಲಿ, ಮಿರಜದಲ್ಲಿ ನೆಲೆಸಿದ ನಮ್ಮ ಹಿರಿಯರು ಜೀವನವಿಡೀ ಮರಾಠಿಯಲ್ಲಿ ವ್ಯವಹಾರ ಮಾಡಿದವರು. ಡಿಮೆನ್ಶಿಯಾ ಬಂದಾಗ ಎಷ್ಟೋ ಮಂದಿ ಆಮೇಲೆ ಕಲಿತ ಭಾಷೆಯನ್ನು ಬಿಟ್ಟು ತಾಯಿ ಕಲಿಸಿದ ಭಾಷೆಗೆ ಮರಳುತ್ತಾರೆ. ಆಗ ಅಜ್ಜ ಕನ್ನಡದಲ್ಲಿ ನೀರು ಕೇಳುತ್ತಾನೆ. ಮರಾಠಿ ಮಾತ್ರ ಬಲ್ಲ ಹುಡುಗನಿಗೆ ಅದು ಬಡಬಡಿಕೆಯಂತೆ ಕೇಳುತ್ತದೆ. ಹುಡುಗನದು ತಪ್ಪಲ್ಲ. ನೀರು, ನೋವು, ಹಸಿವು, ಮನೆ, ಶೌಚ: ಇಂಥ ಐವತ್ತು ಕನ್ನಡ ಮಾತುಗಳನ್ನು ಅವನಿಗೆ ಯಾರೂ ಕಲಿಸಲಿಲ್ಲ. ಇದನ್ನು ಕಲಿಸಲು ತಜ್ಞರು ಬೇಕಿಲ್ಲ, ನಾವೇ ಸಾಕು.

"ಕಲಿಸಿದವರು ಕೆಲಸ ಬಿಟ್ಟು ಹೋಗುತ್ತಾರೆ, ದುಡ್ಡು ದಂಡ" ಎನ್ನುವ ಆಡಳಿತದವರೂ ಇದ್ದಾರೆ. ಕಲಿಸದಿದ್ದರೂ ಬಿಟ್ಟು ಹೋಗುತ್ತಾರಲ್ಲ! ದಿನವಿಡೀ ಒದೆ, ಬೈಗಳು ತಿಂದು, ಯಾಕೆ ಹೀಗಾಗುತ್ತಿದೆ ಎಂದು ತಿಳಿಯದೆ, ಕಡಿಮೆ ಸಂಬಳಕ್ಕೆ ಯಾರು ನಿಲ್ಲುತ್ತಾರೆ? ತರಬೇತಿಯ ಜೊತೆ ಸಂಬಳವನ್ನೂ ಏರಿಸಬೇಕು. ಆಮೇಲೂ ಬಿಟ್ಟುಹೋದವರು ಕಲಿತದ್ದನ್ನು ಇನ್ನೊಂದು ಆಶ್ರಮಕ್ಕೋ ತಮ್ಮ ಮನೆಯ ಮುದುಕರಿಗೋ ಒಯ್ಯುತ್ತಾರೆ. ಅದು ದಂಡ ಹೇಗೆ?

ಕಾನೂನಿನ ಮೇಲೆ ಭಾರ ಹಾಕಿ ಕೂರುವಂತೆಯೂ ಇಲ್ಲ. ಹಿರಿಯ ನಾಗರಿಕರ 2007ರ ಕಾಯ್ದೆ ಜಿಲ್ಲೆಗೊಂದಾದರೂ 150 ಜನರ ವೃದ್ಧಾಶ್ರಮದ ಮಾತಾಡುತ್ತದೆ. ಆದರೆ ಅಲ್ಲಿ ನೋಡಿಕೊಳ್ಳುವವರು ಎಷ್ಟು ಗಂಟೆ ಕಲಿತಿರಬೇಕೆಂದು ಆ ಕಾಯ್ದೆ ಹೇಳುವುದಿಲ್ಲ. ಅಮೆರಿಕದಲ್ಲಿ 1987ರ ಕಾನೂನಿನಿಂದಾಗಿ ನರ್ಸಿಂಗ್ ಹೋಮಿನ ಸಹಾಯಕರಿಗೆ ಕನಿಷ್ಠ 75 ಗಂಟೆ ತರಬೇತಿ ಕಡ್ಡಾಯವಾಯಿತು. ಅದೂ ಸಾಲದು ಎಂದು ಅಲ್ಲಿನವರು ಜಗಳಾಡುತ್ತಾರೆ. ನಮ್ಮಲ್ಲಿ ಜಗಳವೇ ಶುರುವಾಗಿಲ್ಲ.

ಕಲಿಸುವವರು ಇಲ್ಲವೆಂದಲ್ಲ. ಆಲ್ಝೈಮರ್ ರೋಗಿಗಳಿಗಾಗಿ ದುಡಿಯುವ ಎಆರ್‌ಡಿಎಸ್‌ಐ ಸಂಸ್ಥೆ ಕೇರಳದಲ್ಲಿ 1992ರಲ್ಲೇ ಹುಟ್ಟಿತು. ಬೆಂಗಳೂರಿನ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ 2010ರಿಂದ ಕಸ್ತೂರಿನಗರದಲ್ಲಿ ಡಿಮೆನ್ಶಿಯಾ ಇರುವವರಿಗೆಂದೇ ಕೇಂದ್ರ ನಡೆಸುತ್ತಿದೆ. ಅಷ್ಟು ದೂರ ಯಾಕೆ? ಪಕ್ಕದ ಮಿರಜದಲ್ಲಿ ಡಾ. ವಿಲಿಯಂ ವಾನ್ಲೆಸ್ 1894ರಲ್ಲಿ ಆಸ್ಪತ್ರೆ ತೆರೆದರು. ಕಟ್ಟಡ ಕಟ್ಟಿ ಸುಮ್ಮನಾಗಲಿಲ್ಲ, ಇಲ್ಲಿನ ಹುಡುಗ ಹುಡುಗಿಯರಿಗೆ ಶುಶ್ರೂಷೆ ಕಲಿಸುವ ವ್ಯವಸ್ಥೆಯನ್ನೂ ಕಟ್ಟಿದರು. ಬೆಳಗಾವಿ, ವಿಜಯಪುರದಿಂದಲೂ ರೋಗಿಗಳು ಮಿರಜಕ್ಕೆ ಬರುವುದು ಅಲ್ಲಿ ಕಲಿತ ಕೈಗಳಿವೆ ಎಂಬ ನಂಬಿಕೆಯಿಂದ. ಅಂಥ ಊರಿನ ಪಕ್ಕದಲ್ಲಿದ್ದುಕೊಂಡು ಮುದುಕರ ಆರೈಕೆ ಯಾರು ಬೇಕಾದರೂ ಮಾಡಬಹುದಾದ ಕೆಲಸ ಎಂದರೆ ನಗೆಪಾಟಲು.

ಆದ್ದರಿಂದ ನನ್ನ ಒತ್ತಾಯ ಮೂರು.

ಒಂದು, ಈ ಸಲ ಕ್ರಿಸ್‌ಮಸ್ ಭೇಟಿಗೆ ಕೂಡಿಸುವ ಹಣದಲ್ಲಿ ಅರ್ಧವನ್ನು ಒಂದು ಆಶ್ರಮದ ಸಿಬ್ಬಂದಿಯ ತರಬೇತಿಗೆ ಕೊಡೋಣ. ಒಂದು ದಿನದ ಭಾಷಣಕ್ಕಲ್ಲ. ನುರಿತ ನರ್ಸ್ ಒಬ್ಬರು ತಿಂಗಳಿಗೊಮ್ಮೆ ಬಂದು, ಪಕ್ಕದಲ್ಲಿ ನಿಂತು ಕೆಲಸ ತೋರಿಸುವುದಕ್ಕೆ.

ಎರಡು, ದೇಣಿಗೆ ಕೊಡುವ ಮುಂಚೆ, ಅಪ್ಪ ಅಮ್ಮನನ್ನು ಸೇರಿಸುವ ಮುಂಚೆ, ನಾಲ್ಕು ಪ್ರಶ್ನೆ ಕೇಳೋಣ: ರಾತ್ರಿ ಯಾರಿರುತ್ತಾರೆ, ಅವರು ಏನು ಕಲಿತಿದ್ದಾರೆ? ಯಾರನ್ನಾದರೂ ಕಟ್ಟುತ್ತೀರಾ? ನಿದ್ದೆ ಗುಳಿಗೆ ಬರೆದ ಡಾಕ್ಟರು ಯಾರು? ಕನ್ನಡ ಬಲ್ಲವರು ಇದ್ದಾರೆಯೇ?

ಮೂರು, ಒಬ್ಬೊಬ್ಬ ಹಿರಿಯರಿಗೆ ಒಂದೊಂದು ಹಾಳೆ ಬರೆದುಕೊಡೋಣ. ಹೆಸರು, ಊರು, ಮಾಡುತ್ತಿದ್ದ ಕೆಲಸ, ಇಷ್ಟದ ಊಟ, ಹಾಡು, ಹೆದರಿಕೆ. ಕನ್ನಡದಲ್ಲೂ ಮರಾಠಿಯಲ್ಲೂ ಬರೆದು ಮಂಚದ ತಲೆದಿಕ್ಕಿಗೆ ಅಂಟಿಸೋಣ. ಎಮ್ಮೆ ಸಾಕಿದ ಅಜ್ಜಿಯೆಂದು ಗೊತ್ತಿದ್ದರೆ, ರಾತ್ರಿಯ ಹುಡುಗಿ "ಎಷ್ಟು ಹಾಲು ಕೊಡತಿತ್ತ್ರಿ ಆಯಿ?" ಎಂದು ಕೇಳಬಹುದು.

ಭಾನುವಾರ ಪೂಜೆ ಮುಗಿದ ಮೇಲೆ ಹತ್ತು ನಿಮಿಷ ನಿಲ್ಲಿ. ಯಾವ ಆಶ್ರಮ, ಎಷ್ಟು ಹಣ, ಯಾರು ಹೋಗುವುದು ಎಂದು ಅಲ್ಲೇ ಮಾತಾಡಿ ಮುಗಿಸೋಣ.