ಕೇಳಿ, ಆಮೇಲೆ ಹಂಚಿ
ಕನ್ನಡ ಪುಸ್ತಕಗಳ ಪಿಡಿಎಫ್ ಕುರಿತು ಓದುಗರಿಗೆ, ಬರಹಗಾರರಿಗೆ, ಪ್ರಕಾಶಕರಿಗೆ

ಕನ್ನಡದ ಹೊಸ ಪುಸ್ತಕವೊಂದು ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಅದರ ಪಿಡಿಎಫ್ ಟೆಲಿಗ್ರಾಂ ಚಾನೆಲ್ಲಿಗೆ ಬಂದು ಬೀಳುವುದು ಈಗ ಮಾಮೂಲಾಗಿದೆ. ಪತ್ರಿಕೆಯ ಅಂಕಣ ಬರೆದವರ ಹೆಸರು ಕಳಚಿಕೊಂಡು, ‘ಕೃಪೆ: ವಾಟ್ಸಾಪ್’ ಎಂಬ ಬಾಲ ಅಂಟಿಸಿಕೊಂಡು ಊರೆಲ್ಲ ಸುತ್ತುತ್ತದೆ. ಯಾರದೋ ಸಣ್ಣಕತೆಯನ್ನು ಇನ್ಯಾರೋ ಯೂಟ್ಯೂಬಿನಲ್ಲಿ ಮೊದಲಿನಿಂದ ಕೊನೆಯವರೆಗೆ ಓದುತ್ತಾರೆ. ನಡುವೆ ಬರುವ ಜಾಹೀರಾತಿನ ದುಡ್ಡು ಚಾನೆಲ್ ಇಟ್ಟವರಿಗೆ ಹೋಗುತ್ತದೆ. ಇದನ್ನೆಲ್ಲ ಮಾಡುವವರಲ್ಲಿ ಬಹುಪಾಲು ಜನ ಕೆಟ್ಟವರಲ್ಲ. ಒಳ್ಳೆಯ ಬರಹ ನಾಲ್ಕು ಜನಕ್ಕೆ ತಲುಪಲಿ ಎಂಬ ಉಮೇದು ಅವರದು. ಆ ಉಮೇದಿಗೆ ನಮ್ಮ ತಕರಾರಿಲ್ಲ. ತನ್ನ ಬರಹವನ್ನು ಪುಕ್ಕಟೆ ಕೊಡಬೇಕೋ ಮಾರಬೇಕೋ ಎಂಬುದನ್ನು ಬರೆದವರೇ ತೀರ್ಮಾನಿಸಬೇಕು, ಹಂಚುವ ಮುನ್ನ ಅವರನ್ನೊಂದು ಮಾತು ಕೇಳಬೇಕು ಎಂಬುದಷ್ಟೇ ನಮ್ಮ ವಾದ.

ಇದರಿಂದ ಲೇಖಕರಿಗೆ ಆಗುವ ನಷ್ಟವಾದರೂ ಏನು ಎಂದು ಕೇಳುವವರು ಕನ್ನಡ ಪುಸ್ತಕದ ಲೆಕ್ಕವನ್ನೊಮ್ಮೆ ನೋಡಬೇಕು. ಹೆಸರುವಾಸಿಯಾದ ಕೆಲವರನ್ನು ಬಿಟ್ಟರೆ ಉಳಿದವರ ಪುಸ್ತಕ ಮೊದಲ ಮುದ್ರಣದಲ್ಲಿ 1,000 ಪ್ರತಿ ಕಂಡರೆ ಹೆಚ್ಚು. 500ಕ್ಕೇ ನಿಲ್ಲುವುದೂ ಉಂಟು. ಮುಖಬೆಲೆಯ ಶೇ. 10ರಷ್ಟು ರಾಯಧನ ಕೊಡುವುದು ವಾಡಿಕೆ. 200 ರೂಪಾಯಿಯ ಪುಸ್ತಕದ 500 ಪ್ರತಿಯೂ ಖರ್ಚಾಯಿತು ಎಂದೇ ಇಟ್ಟುಕೊಳ್ಳಿ, ವರ್ಷಗಟ್ಟಲೆ ಕೂತು ಬರೆದವರ ಕೈಗೆ ಬರುವುದು 10,000 ರೂಪಾಯಿ. ಇತ್ತ ಒಂದು ವಾಟ್ಸಾಪ್ ಗುಂಪಿನಲ್ಲಿ 1,024 ಜನರಿಗೆ ಜಾಗವಿದೆ. ಒಬ್ಬರು ಒಂದು ಸಲ ಒತ್ತಿದರೆ ಇಡೀ ಮುದ್ರಣದ ಎರಡರಷ್ಟು ಪ್ರತಿ ಹಂಚಿದಂತಾಯಿತು. ‘ಅವರೆಲ್ಲ ಎಲ್ಲಿ ಕೊಳ್ಳುತ್ತಿದ್ದರು?’ ಎನ್ನುತ್ತೀರಿ. ನಿಜ, ಹೆಚ್ಚಿನವರು ಕೊಳ್ಳುತ್ತಿರಲಿಲ್ಲ, ಬಹುಶಃ ಪಿಡಿಎಫ್ ಅನ್ನೂ ತೆರೆದು ನೋಡುವುದಿಲ್ಲ. ಆದರೆ ಅವರಲ್ಲಿ ಐವತ್ತು ಜನ ಕೊಳ್ಳುವವರಿದ್ದರೂ ಸಾಕು. ಲಕ್ಷಗಟ್ಟಲೆ ಮಾರುವ ಇಂಗ್ಲಿಷ್ ಕಾದಂಬರಿಗೆ ಐವತ್ತು ಪ್ರತಿ ಯಾವ ಲೆಕ್ಕವೂ ಅಲ್ಲ. 500 ಪ್ರತಿಯ ಪುಸ್ತಕಕ್ಕೆ ಅದು ಹತ್ತರಲ್ಲೊಂದು ಪಾಲು. ಎರಡನೆಯ ಮುದ್ರಣ ಆಗುತ್ತದೋ ಇಲ್ಲವೋ, ಅದನ್ನು ಬರೆದವರ ಮುಂದಿನ ಹಸ್ತಪ್ರತಿಯನ್ನು ಪ್ರಕಾಶಕರು ಕೈಗೆತ್ತಿಕೊಳ್ಳುತ್ತಾರೋ ಇಲ್ಲವೋ ಎಂಬುದು ಅಷ್ಟರಲ್ಲೇ ತೀರ್ಮಾನವಾಗಿಬಿಡಬಹುದು.

‘ನಾನೇನು ಇದರಿಂದ ದುಡ್ಡು ಮಾಡಿದೆನೇ?’ ಎಂಬುದು ಪದೇಪದೇ ಕೇಳಿಬರುವ ಸಮರ್ಥನೆ. 1957ರ ಹಕ್ಕುಸ್ವಾಮ್ಯ ಕಾಯ್ದೆ ಇದನ್ನು ಮೊದಲೇ ಯೋಚಿಸಿದೆ. ಅದರ 51ನೇ ಕಲಮಿನ ಪ್ರಕಾರ ವ್ಯಾಪಾರಕ್ಕಾಗಿ ಹಂಚುವುದು ಮಾತ್ರ ಉಲ್ಲಂಘನೆಯಲ್ಲ, ಹಕ್ಕುದಾರರಿಗೆ ಬಾಧಕವಾಗುವಷ್ಟು ಪ್ರಮಾಣದಲ್ಲಿ ಹಂಚುವುದೂ ಉಲ್ಲಂಘನೆಯೇ. ಗೊತ್ತಿದ್ದೂ ಹಾಗೆ ಮಾಡಿದರೆ 63ನೇ ಕಲಮಿನಡಿ ಆರು ತಿಂಗಳಿಂದ ಮೂರು ವರ್ಷದವರೆಗೆ ಸಜೆ, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಲಾಭದ ಉದ್ದೇಶವಿರಲಿಲ್ಲವೆಂದಾದರೆ ನ್ಯಾಯಾಲಯ ವಿಶೇಷ ಕಾರಣ ಕೊಟ್ಟು ಶಿಕ್ಷೆ ಕಡಿಮೆ ಮಾಡಬಹುದು, ಅಷ್ಟೆ. ತಪ್ಪು ತಪ್ಪಲ್ಲದೆ ಹೋಗುವುದಿಲ್ಲ. ಇದು ಪೊಲೀಸರು ನೇರವಾಗಿ ದಾಖಲಿಸಿಕೊಳ್ಳಬಹುದಾದ ಅಪರಾಧವೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟಪಡಿಸಿದೆ. ‘ಲೇಖಕರ ಹೆಸರು ಹಾಕಿದ್ದೇನಲ್ಲ’ ಎನ್ನುವುದೂ ಉತ್ತರವಾಗದು. ಹೆಸರು ಹಾಕುವುದು ಬೇರೆ, ಅನುಮತಿ ಪಡೆಯುವುದು ಬೇರೆ. ಕಾಯ್ದೆ ಎರಡನ್ನೂ ಕೇಳುತ್ತದೆ.

ಬರಹಗಾರರಲ್ಲೂ ಒಂದು ತಪ್ಪು ತಿಳಿವಳಿಕೆ ಬೇರೂರಿದೆ: ಪುಸ್ತಕವನ್ನು ನೋಂದಾಯಿಸಿಲ್ಲವಾದ್ದರಿಂದ ಏನೂ ಮಾಡಲಾಗದು ಎಂದು. ನೋಂದಣಿ ಕಡ್ಡಾಯವಲ್ಲ, ಬರೆದ ಗಳಿಗೆಯಲ್ಲೇ ಹಕ್ಕು ಹುಟ್ಟುತ್ತದೆ. ಮೊಕದ್ದಮೆ ಹೂಡಲು ದೂರದ ಊರಿಗೆ ಅಲೆಯಬೇಕಿಲ್ಲ, 62ನೇ ಕಲಮಿನಂತೆ ತಾವು ವಾಸವಿರುವ ಜಿಲ್ಲೆಯ ನ್ಯಾಯಾಲಯದಲ್ಲೇ ಹೂಡಬಹುದು. ಅದಕ್ಕೂ ಮೊದಲಿನ ಮೆಟ್ಟಿಲು ಒಂದು ಲಿಖಿತ ದೂರು. ಕೃತಿ ಯಾವುದು, ಹಕ್ಕು ಯಾರದು, ಅಕ್ರಮ ಪ್ರತಿ ಯಾವ ಕೊಂಡಿಯಲ್ಲಿದೆ ಎಂಬುದನ್ನು ಬರೆದು ಕಳಿಸಿದರೆ, 2013ರ ನಿಯಮಗಳ ಪ್ರಕಾರ ಅದನ್ನು ಇಟ್ಟುಕೊಂಡ ಸಂಸ್ಥೆ ದೂರಿನಲ್ಲಿ ಹುರುಳಿದೆಯೆಂದು ಕಂಡರೆ 36 ಗಂಟೆಯೊಳಗೆ ಅದಕ್ಕೆ ತಡೆ ಹಾಕಬೇಕು. ತಡೆ ಇರುವುದು 21 ದಿನ. ಅಷ್ಟರಲ್ಲಿ ನ್ಯಾಯಾಲಯದ ಆದೇಶ ತಂದೊಪ್ಪಿಸದಿದ್ದರೆ ಆ ಪ್ರತಿ ಮತ್ತೆ ತೆರೆದುಕೊಳ್ಳಬಹುದು. ಹತ್ತು ಸಾವಿರ ರಾಯಧನ ಪಡೆದವರು ವಕೀಲರ ಫೀಸು ಎಲ್ಲಿಂದ ತರಬೇಕು? ಕಾಯ್ದೆಯ ದೊಡ್ಡ ತೊಡಕು ಇದೇ. ಆದ್ದರಿಂದಲೇ ಒಬ್ಬೊಬ್ಬರೇ ಹೋರಾಡುವುದಕ್ಕಿಂತ ಪ್ರಕಾಶಕರು, ಲೇಖಕರ ಸಂಘಗಳು ಸೇರಿ ಹತ್ತಾರು ಪುಸ್ತಕಗಳ ಪರವಾಗಿ ಒಟ್ಟಿಗೆ ಕ್ರಮ ಜರುಗಿಸುವುದು ಮೇಲು. ದಾರಿ ಆಗಲೇ ತೆರೆದಿದೆ: ಪತ್ರಿಕೆಯ ಪಿಡಿಎಫ್ ಹಂಚುತ್ತಿದ್ದ ಟೆಲಿಗ್ರಾಂ ಚಾನೆಲ್‌ಗಳನ್ನು ತೆಗೆಯುವಂತೆ 2020ರಲ್ಲಿ ದೆಹಲಿ ಹೈಕೋರ್ಟ್ ಆದೇಶಿಸಿತು, ಸ್ಪರ್ಧಾತ್ಮಕ ಪರೀಕ್ಷೆಗಳ ಪುಸ್ತಕ ಬರೆದ ಲೇಖಕಿಯೊಬ್ಬರ ಪ್ರಕರಣದಲ್ಲಿ, ಚಾನೆಲ್ ನಡೆಸುವವರು ಯಾರೆಂಬ ವಿವರ ಕೊಡುವಂತೆ 2022ರಲ್ಲಿ ಅದೇ ನ್ಯಾಯಾಲಯ ಟೆಲಿಗ್ರಾಂಗೆ ಹೇಳಿತು. ಮುಖ ಮುಚ್ಚಿಕೊಂಡು ಹಂಚಬಹುದೆಂಬ ಧೈರ್ಯಕ್ಕೆ ಈಗ ಆಧಾರವಿಲ್ಲ.

ವಚನಕಾರರು, ದಾಸರು ಹಕ್ಕು ಕೇಳಿದ್ದರೇ ಎಂದು ಕೆಲವರು ಸವಾಲು ಹಾಕುತ್ತಾರೆ. ಇಲ್ಲ, ಕೇಳಿರಲಿಲ್ಲ, ಅವರು ವಚನ ಮಾರಿ ಬದುಕಿದವರಲ್ಲ, ಕೀರ್ತನೆಗೆ ಮುಖಬೆಲೆ ಇರಲಿಲ್ಲ. ಆದರೂ ಕೂಡಲಸಂಗಮದೇವನನ್ನು, ಪುರಂದರವಿಠಲನನ್ನು ಬಿಟ್ಟು ಹಾಡಿದವರುಂಟೇ? ಬಾಯಿಂದ ಬಾಯಿಗೆ ಶತಮಾನಗಳ ಕಾಲ ಹರಿದು ಬಂದರೂ ಅಂಕಿತ ಉಳಿಯಿತು. ಇಂದಿನ ಫಾರ್ವರ್ಡಿನಲ್ಲಿ ಮೊದಲು ಉದುರುವುದೇ ಅದು. ‘ಪುಕ್ಕಟೆ ಪ್ರಚಾರವಲ್ಲವೇ’ ಎಂಬ ಮಾತಿಗೆ ಹೆಚ್ಚು ಹೇಳಬೇಕಿಲ್ಲ: ಪ್ರಚಾರ ಬೇಕೆನಿಸಿದವರು ಒಂದು ಅಧ್ಯಾಯವನ್ನು ತಾವೇ ಬಿಡುತ್ತಾರೆ. ವಿದ್ಯಾರ್ಥಿಗಳಿಗೂ ಅಂಧರಿಗೂ ಕಾಯ್ದೆಯಲ್ಲೇ ಅವಕಾಶವಿದೆ. ಪಾಠಕ್ಕೆ ಬೇಕಾದ ಭಾಗಗಳ ಜೆರಾಕ್ಸ್ ಸಂಪುಟಗಳನ್ನು ದೆಹಲಿ ಹೈಕೋರ್ಟ್ 2016ರಲ್ಲಿ ಒಪ್ಪಿದೆ. ಅಂಗವಿಕಲರು ಓದಬಹುದಾದ ರೂಪಕ್ಕೆ ಪುಸ್ತಕವನ್ನು ಲಾಭವಿಲ್ಲದೆ ಬದಲಿಸಿ ಅವರಿಗೆ ಕೊಡಲು 2012ರ ತಿದ್ದುಪಡಿ ಅನುವು ಮಾಡಿದೆ.

ನಿಜಕ್ಕೂ ತೂಕವಿರುವ ಆಕ್ಷೇಪ ಒಂದೇ: ಪುಸ್ತಕ ಸಿಗುವುದೇ ಇಲ್ಲ. ಎಷ್ಟೋ ಒಳ್ಳೆಯ ಕನ್ನಡ ಪುಸ್ತಕಗಳು ಒಂದು ಮುದ್ರಣ ಕಂಡು ಮಾಯವಾಗಿವೆ. ದುಬೈಯಲ್ಲೋ ಡಲ್ಲಾಸಿನಲ್ಲೋ ಇರುವ ಕನ್ನಡಿಗರಿಗೆ ಅಂಚೆವೆಚ್ಚ ಪುಸ್ತಕದ ಬೆಲೆಯನ್ನೇ ಮೀರುತ್ತದೆ. ಇದರಲ್ಲಿ ತಪ್ಪು ಪ್ರಕಾಶಕರದು, ಅದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಮೈಲ್ಯಾಂಗ್, ವಿವಿಡ್‌ಲಿಪಿಯಂಥ ತಾಣಗಳು ಬಂದ ಮೇಲೂ ಹಳೆಯ ಪುಸ್ತಕವನ್ನು ಇ-ಪುಸ್ತಕವಾಗಿ ಬಿಡದೆ ಬೀರುವಿನಲ್ಲಿಟ್ಟುಕೊಂಡವರು ಕಳ್ಳಪ್ರತಿಯ ಬಗ್ಗೆ ದೂರುವುದು ಅರ್ಧ ನ್ಯಾಯ ಮಾತ್ರ. ಸರ್ಕಾರಕ್ಕೂ ಇಲ್ಲಿ ಕೆಲಸವಿದೆ. ಸುಬ್ರಹ್ಮಣ್ಯ ಭಾರತಿಯವರ ಕೃತಿಗಳ ಹಕ್ಕನ್ನು ಅಂದಿನ ಮದ್ರಾಸ್ ಸರ್ಕಾರ 1949ರಲ್ಲೇ ವಹಿಸಿಕೊಂಡು ಮುಂದೆ ಸಾರ್ವಜನಿಕಗೊಳಿಸಿತು. ತಮಿಳುನಾಡು ಇಂದಿಗೂ ವಾರಸುದಾರರಿಗೆ ಹಣ ಕೊಟ್ಟು ಅನೇಕ ಲೇಖಕರ ಕೃತಿಗಳನ್ನು ನಾಡಿನ ಸೊತ್ತಾಗಿಸುತ್ತಿದೆ. ಕರ್ನಾಟಕವೂ ಅದನ್ನು ಮಾಡಬಹುದು. ಇನ್ನು ಸ್ಕ್ಯಾನ್ ಮಾಡಿ ಹಂಚುವ ಉತ್ಸಾಹವಿರುವವರಿಗೆ ಹೊಲ ವಿಶಾಲವಾಗಿದೆ. ಲೇಖಕರು ತೀರಿಕೊಂಡ ವರ್ಷ ಮುಗಿದ ಮೇಲೆ 60 ವರ್ಷ ಕಳೆದರೆ ಹಕ್ಕು ತೀರುತ್ತದೆ. ಗೋವಿಂದ ಪೈ ಮತ್ತು ತ್ರಿವೇಣಿ ಇಬ್ಬರೂ 1963ರಲ್ಲಿ ತೀರಿಕೊಂಡರು. ಅವರು ಬದುಕಿದ್ದಾಗ ಪ್ರಕಟವಾದ ಕೃತಿಗಳು 2024ರ ಜನವರಿ 1ರಿಂದ ಎಲ್ಲರವು. ಅ.ನ.ಕೃ. ಅವರ ಕಾದಂಬರಿಗಳಿಗೆ 2032ರ ಜನವರಿವರೆಗೆ, ಬೇಂದ್ರೆಯವರ ಕವನಗಳಿಗೆ 2042ರ ಜನವರಿವರೆಗೆ ಕಾಯಬೇಕು.

ಪ್ರಕಾಶಕರು ಪುಸ್ತಕದ ಎರಡನೆಯ ಪುಟದಲ್ಲಿ ಹಕ್ಕು ಯಾರದು, ಅನುಮತಿಗೆ ಯಾವ ಮಿಂಚಂಚೆಗೆ ಬರೆಯಬೇಕು ಎಂದು ಅಚ್ಚುಹಾಕಲಿ. ಬರಹಗಾರರು ಪುಕ್ಕಟೆ ಕೊಡಲು ಸಿದ್ಧರಿದ್ದರೆ ಅದನ್ನೂ ಅಲ್ಲೇ ಹೇಳಲಿ. ಅಂಥವರು ಕನ್ನಡದಲ್ಲಿ ಕಡಿಮೆಯೇನಿಲ್ಲ. ಗುಂಪು ನಡೆಸುವ ಅಡ್ಮಿನ್‌ಗಳು ಕಳ್ಳಪ್ರತಿ ಬಂದರೆ ಅಳಿಸಿ, ಅದರ ಜಾಗದಲ್ಲಿ ಪುಸ್ತಕ ಕೊಳ್ಳುವ ವಿಳಾಸ ಹಾಕಲಿ. ಅಳಿಸಿರೆಂದು ಲೇಖಕರೇ ಕೇಳಿಕೊಂಡ ಮೇಲೂ ಉಳಿಸಿಕೊಂಡವರಿಗೆ ‘ನನಗೆ ಗೊತ್ತಿರಲಿಲ್ಲ’ ಎನ್ನುವ ಅವಕಾಶ ಇರುವುದಿಲ್ಲ.